ಅಮ್ಮನ ಮರಣ ಪತ್ರದಲ್ಲಿ ಇಲ್ಲದ್ದು

ಬಸುರಿಯಾಗಿ ಮೂರು ತಿಂಗಳಾಗಿತ್ತು. ದೇವನಹಳ್ಳಿಯ ಡಾಕ್ಟರಮ್ಮ ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದರು: "ತಾಯಿ ಇದ್ದಾರಾ? ಇಲ್ವಾ? ಏನಾಗಿತ್ತು?"

"ಹೆರಿಗೆಯಲ್ಲಿ ಹೋದ್ರಂತೆ," ಎಂದೆ.

"ಹೋದ್ರಂತೆ ಅಂದ್ರೆ? ರಕ್ತಸ್ರಾವನಾ, ಬಿ.ಪಿ.ನಾ? ಗೊತ್ತಾದ್ರೆ ನಿಮಗೇ ಒಳ್ಳೇದು. ಸ್ವಲ್ಪ ವಿಚಾರಿಸ್ಕೊಂಡು ಬನ್ನಿ."

ಯಾರನ್ನು ವಿಚಾರಿಸಲಿ? ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅಮ್ಮನ ತವರಿನಲ್ಲಿ ಯಾರೂ ಉಳಿದಿರಲಿಲ್ಲ, ಅದಕ್ಕೇ ಹೆರಿಗೆಯೂ ಗಂಡನ ಮನೆಯಲ್ಲೇ ಆಗಿತ್ತು. ಇದ್ದವಳು ಅಪ್ಪನ ಅಕ್ಕ, ಸೂಲಿಬೆಲೆ ಹತ್ತಿರದ ನಮ್ಮ ಹಳ್ಳಿಯಲ್ಲಿ ನನ್ನನ್ನು ಸಾಕಿದ ಸೋದರತ್ತೆ. ಅವಳ ಬಳಿ ಇದ್ದದ್ದು ಒಂದೇ ಉತ್ತರ. ಹಾಲು ಚೆಲ್ಲಿದರೂ ಅದೇ, ನಪಾಸಾದರೂ ಅದೇ: "ಹುಟ್ಟುತ್ಲೇ ತಾಯಿನ ತಿಂದ್ಕೊಂಡವಳು, ಇನ್ನೇನು ಮಾಡ್ತಾಳೆ!" ಊಟಕ್ಕೆ, ಬಟ್ಟೆಗೆ ಅವಳು ಎಂದೂ ಕಡಿಮೆ ಮಾಡಿದವಳಲ್ಲ. ಮಾತಿಗೂ ಮಾಡಲಿಲ್ಲ.

ಆ ಮಾತನ್ನು ನಾನು ನಂಬಿಬಿಟ್ಟಿದ್ದೆ. ಈಗ ನನ್ನ ಹೊಟ್ಟೆಯಲ್ಲೂ ಒಂದು ಜೀವ. ಅದು ನನ್ನನ್ನು ತಿಂದೀತೇನೋ ಎಂಬ ಭಯ, ಥೂ, ಹೇಳಿಕೊಳ್ಳಲೂ ನಾಚಿಕೆ. ಗಂಡನಿಗೂ ಹೇಳದೆ ಹೊಸಕೋಟೆಯ ಬಸ್ಸು ಹತ್ತಿದೆ. ಸಾವಿನ ದಾಖಲೆಯಲ್ಲಿ ಕಾರಣ ಬರೆದೇ ಇರುತ್ತಾರೆ, ಓದಿಕೊಂಡು ಬಂದರಾಯಿತು ಎಂದುಕೊಂಡೆ.

ತಾಲ್ಲೂಕು ಕಚೇರಿಯ ಗುಮಾಸ್ತರು ವಯಸ್ಸಾದವರು, ಮೆತ್ತಗಿನ ಮಾತಿನವರು. ಅರ್ಜಿ ತೆಗೆದುಕೊಂಡು ಮುಂದಿನ ವಾರ ಬರಹೇಳಿದರು. ಹೋದಾಗ ಹಳೆಯ ರಿಜಿಸ್ಟರ್ ಅವರ ಮೇಜಿನ ಮೇಲಿತ್ತು. ಅಮ್ಮನ ಹೆಸರಿನ ಸಾಲಿನ ಮೇಲೆ ಅವರ ಬೆರಳು. ನಾನು ಬಗ್ಗಿದೆ. ಅವರು ಅಂಗೈಯಿಂದ ಮುಚ್ಚಿಕೊಂಡರು.

"ಕಾರಣ ತೋರಿಸೋಕೆ ಬರಲ್ಲ ಕಣಮ್ಮ. ಮರಣ ಪತ್ರ ಯಾರು ಕೇಳಿದ್ರೂ ಕೊಡ್ತೀವಿ. ಆದ್ರೆ ಯಾತರಿಂದ ಸತ್ರು ಅನ್ನೋದನ್ನ ಅದರಲ್ಲಿ ಹಾಕೋ ಹಾಗಿಲ್ಲ. ಕಾನೂನು."

"ಯಾರು ಕೇಳಿದ್ರೂ ಅಂದ್ರೆ ಹಾದಿಬೀದಿಯೋರು. ನಾನು ಮಗಳು!"

"ಮಗಳಾದ್ರೂ ಅಷ್ಟೇ. ಸತ್ತೋರಿಗೂ ಮಾನ ಅಂತ ಒಂದಿರುತ್ತಲ್ಲಮ್ಮ. ಅವರ ಕಾಯಿಲೆ ಕಸಾಲೆ ಎಲ್ಲರೂ ಆಡ್ಕೋಬಾರ್ದು ಅಂತ."

"ನಮ್ಮನೇಲಿ ನಾನು ಹುಟ್ಟಿದಾಗಿನಿಂದ ಆಡ್ಕೋತಾನೇ ಇದ್ದಾರೆ ಸ್ವಾಮಿ, ಅವಳನ್ನ ಕೊಂದಿದ್ದು ನಾನೇ ಅಂತ. ನನ್ನ ಮಾನಕ್ಕೆ ಯಾವ ಕಾನೂನಿದೆ, ಹೇಳಿ?"

ನನ್ನ ಗಂಟಲು ಮೊದಲೇ ದೊಡ್ಡದು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುಮಾಸ್ತರು ಮಾತ್ರ ಕೋಪಿಸಿಕೊಳ್ಳಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಕೊನೆಗೆ ರಿಜಿಸ್ಟರ್ ಮುಚ್ಚಿಟ್ಟು, ಮುದ್ರೆ ಹಾಕಿದ ಪತ್ರವನ್ನು ನನ್ನ ಕಡೆಗೆ ಸರಿಸಿದರು. "ಇದರಲ್ಲಿ ಇರೋದನ್ನ ನಿಧಾನವಾಗಿ ಓದ್ಕೊಳ್ಳಮ್ಮ," ಎಂದರು.

ಹೊರಗೆ ಮೆಟ್ಟಿಲ ಮೇಲೆ ಕೂತು ಓದಿದೆ. ಅಮ್ಮನ ಹೆಸರು, ಅಪ್ಪನ ಹೆಸರು, ಊರು, ಸತ್ತ ದಿನಾಂಕ. ಅದು ನಾನು ಹುಟ್ಟಿದ ದಿನವಲ್ಲ. ಅರ್ಜಿಗೆಂದು ತಂದಿದ್ದ ನನ್ನ ಜನನ ಪತ್ರವನ್ನು ಚೀಲದಿಂದ ತೆಗೆದು ಪಕ್ಕದಲ್ಲಿಟ್ಟೆ. ಬೆರಳು ಮಡಿಸಿ ಎಣಿಸಿದೆ, ಮತ್ತೆ ಎಣಿಸಿದೆ. ನಾನು ಹುಟ್ಟಿದ ಮೇಲೆ ಅಮ್ಮ ಹತ್ತೊಂಬತ್ತು ದಿನ ಬದುಕಿದ್ದಳು. ಇದನ್ನು ಒಬ್ಬರೂ, ಒಬ್ಬರೇ ಒಬ್ಬರೂ ನನಗೆ ಹೇಳಿರಲಿಲ್ಲ. ಅಳು ತಡೆಯಲಾಗಲಿಲ್ಲ.

ಅಲ್ಲಿಂದ ನೆಟ್ಟಗೆ ಊರಿಗೆ ಹೋದೆ. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಪತ್ರವನ್ನು ಅವಳ ಮೊರದೊಳಕ್ಕೇ ಹಾಕಿದೆ.

"ಹತ್ತೊಂಬತ್ತು ದಿನ ಬದುಕಿದ್ಲಲ್ಲ! ಏನ್ ಮಾಡ್ತಿದ್ರಿ ಎಲ್ರೂ?"

ಅವಳಿಗೆ ಓದು ಬರದು. ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮಡಿಸಿ ಮೊರದ ಪಕ್ಕಕ್ಕಿಟ್ಟಳು.

"ಜ್ವರ ಕಣೆ. ಹೆರಿಗೆ ಸಲೀಸಾಗೇ ಆಯ್ತು. ಎಂಟು ದಿನ ಆದ್ಮೇಲೆ ಜ್ವರ ಬಂತು. ನಿಮ್ಮಪ್ಪ ಆಸ್ಪತ್ರೆಗೆ ಅಂತ ಟೆಂಪೋ ಕರ್ಕೊಂಡ್ಬಂದಿದ್ದ. ಬಾಣಂತಿಗೆ ಗಾಳಿ ಸೋಕುತ್ತೆ, ಹೊಸಿಲು ದಾಟಿಸ್ಬ್ಯಾಡ ಅಂತ ನಾನೇ ವಾಪಸ್ ಕಳಿಸ್ದೆ."

"ಮತ್ತೆ ನನ್ನನ್ಯಾಕೆ ಅಂತಿದ್ದೆ?"

"ಇನ್ಯಾರನ್ನ ಅನ್ಲಿ? ನನ್ನನ್ನೇ ಅಂದ್ಕೊಳ್ಳೋಕೆ ಧೈರ್ಯ ಬರ್ಲಿಲ್ಲ."

ಡಾಕ್ಟರಮ್ಮನಿಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಬಸ್ಸಿನಲ್ಲಿ ಬರುವಾಗ ಬೈಗುಳಗಳನ್ನೆಲ್ಲ ಜೋಡಿಸಿಟ್ಟುಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ. ಬಾಯಿಂದ ಬಂದದ್ದು ಬೇರೆಯೇ.

"ಅತ್ತೆ, ಅಮ್ಮ ನನ್ನ ಎತ್ಕೊಂಡಿದ್ಲಾ?"

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಎಂಟು ದಿನ ತೊಡೆಯಿಂದ ಇಳಿಸ್ಲೇ ಇಲ್ಲ. ಜ್ವರ ಮಗುಗೆ ಅಂಟುತ್ತೆ ಅಂತ ಆಮೇಲೆ ನಾನೇ ನಿನ್ನ ಕಿತ್ಕೊಂಡೆ. ಕೋಣೆಯಿಂದ ಕೂಗ್ತಾನೇ ಇದ್ಲು. ಒಂದ್ಸಲ ಕೊಡಕ್ಕಾ, ಒಂದೇ ಒಂದ್ಸಲ ಅಂತ. ನೀನೂ ಇಲ್ಲಿ ಅಳ್ತಿದ್ದೆ. ಕೊಡ್ಲಿಲ್ಲ ಕಣೆ. ಕೊನೇವರೆಗೂ ಕೊಡ್ಲಿಲ್ಲ."