ಗುರುವಾರದ ಮಾತ್ರೆ

ಹದಿನಾರು ಗ್ರಾಮದ ಆಶಾ ಕಾರ್ಯಕರ್ತೆ ಗೋವಿಂದಮ್ಮನ ಬಾಯಿಗೆ ಊರೇ ಹೆದರುತ್ತದೆ. ಹೆದರಲಿ, ಒಳ್ಳೆಯದೇ. ಹದಿನಾಲ್ಕು ವರ್ಷದಿಂದ ಟಿಬಿ ಬಂದವರ ಮನೆಗಳಿಗೆ ಹೋಗುತ್ತಿದ್ದಾಳೆ. ಹೇಳಿದ್ದನ್ನು ಮಾಡಿಸದೆ ಎದ್ದು ಬಂದವಳಲ್ಲ. ಎಡವಿದ್ದು ಒಂದೇ ಸಲ, ರುದ್ರೇಶನ ಮನೆಯಲ್ಲಿ.

ರುದ್ರೇಶನ ಕಫದಲ್ಲಿ ಟಿಬಿ ಸಿಕ್ಕಿದಾಗ, ಅವನ ಮಗಳು, ಹದಿಮೂರರ ಶಿವರಂಜನಿಯನ್ನೂ ಗೋವಿಂದಮ್ಮ ನಂಜನಗೂಡಿಗೆ ಕರೆದೊಯ್ದು ಪರೀಕ್ಷೆ ಮಾಡಿಸಿದಳು. ಕಾಯಿಲೆ ಶುರುವಾಗಿರಲಿಲ್ಲ, ಆದರೆ ಸೋಂಕು ಮೈಯೊಳಗೆ ಮಲಗಿತ್ತು. ಅದು ಏಳದಂತೆ ವಾರಕ್ಕೊಮ್ಮೆ, ಹನ್ನೆರಡು ವಾರ, ತಿಂಡಿಯಾದ ಮೇಲೆ ಮಾತ್ರೆ ನುಂಗಬೇಕು. ಅಂದಿನಿಂದ ರುದ್ರೇಶ ಮಗಳನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ತನ್ನಿಂದಲೇ ಬಂತೆಂಬ ಕೊರಗು ಅವನನ್ನು ಕೆಮ್ಮಿಗಿಂತ ಹೆಚ್ಚು ತಿನ್ನುತ್ತಿತ್ತು.

ತನಗೆ ಬಿಡುವೆಂದು ಗೋವಿಂದಮ್ಮ ಸೋಮವಾರ ಗೊತ್ತುಮಾಡಿದಳು. ಹುಡುಗಿಯ ಅಜ್ಜಿ ಮಲ್ಲಾಜಮ್ಮ ಅವಳನ್ನು ಜಗಲಿಯಿಂದ ಒಳಗೆ ಕರೆದವಳಲ್ಲ. ಒಳಗೆ ಯಾರು ತಿಂದರು, ಯಾರು ಬಿಟ್ಟರು ಎಂಬುದು ಕಾಣುವಂತಿರಲಿಲ್ಲ. ತಿಂಡಿ ಆಯ್ತಾ ಎಂದರೆ ಹುಡುಗಿ ಆಯ್ತು ಅನ್ನುವಳು, ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುವಳು.

ಐದನೇ ವಾರ ಗೋವಿಂದಮ್ಮ ಮೂತ್ರ ಕೆಂಪಗೆ ಹೋಗುತ್ತಿದೆಯಾ ಎಂದು ವಿಚಾರಿಸಿದಳು. ಆ ಮಾತ್ರೆ ನುಂಗಿದವರಿಗೆ ಹಾಗಾಗುವುದು ವಾಡಿಕೆ. ಒಂದು ಸಲವೂ ಇಲ್ಲವೆಂದು ಹುಡುಗಿ ಜಂಬದಿಂದ ಹೇಳಿ ಸಿಕ್ಕಿಬಿದ್ದಳು.

ಅಳುತ್ತಲೇ ಎಲ್ಲ ಒಪ್ಪಿಕೊಂಡಳು. ಅಪ್ಪ ಗುಣವಾಗಲೆಂದು ಸೋಮವಾರದ ಒಪ್ಪತ್ತು ಹಿಡಿದಿದ್ದಳು. ಸಂಜೆ ಪೂಜೆಯವರೆಗೆ ಏನೂ ತಿನ್ನುವಂತಿಲ್ಲ. ಮೊದಲ ವಾರ ಹಸಿದ ಹೊಟ್ಟೆಗೆ ನುಂಗಿ ಸ್ಕೂಲಿನ ದಾರಿಯಲ್ಲೇ ವಾಂತಿ ಮಾಡಿಕೊಂಡಿದ್ದಳು. ಆಮೇಲಿಂದ ನಾಲಿಗೆಯಡಿ ಇಟ್ಟುಕೊಂಡು ಹಿತ್ತಿಲಲ್ಲಿ ಉಗಿದು ಬರುತ್ತಿದ್ದಳು.

ಗೋವಿಂದಮ್ಮನಿಗೆ ಸಿಟ್ಟು ನೆತ್ತಿಗೇರಿತು, ಹುಡುಗಿಯ ಮೇಲಲ್ಲ. ಮನೆಮಂದಿಯೆಲ್ಲ ಕೊರಳಲ್ಲಿ ಲಿಂಗ ಕಟ್ಟಿಕೊಂಡು ಕಣ್ಣೆದುರೇ ಓಡಾಡುವಾಗ, ಹೋಗಿ ಹೋಗಿ ಸೋಮವಾರವನ್ನೇ ಆರಿಸಿದ ಜಾಣೆ ತಾನೇ ತಾನೆ?

"ಅಪ್ಪಂಗೆ ವಾಸಿಯಾಗೋಗಂಟ ಒಪ್ಪತ್ತು ಬುಡಕ್ಕಿಲ್ಲ ಕಣಕ್ಕ," ಎಂದಳು ಶಿವರಂಜನಿ.

"ಬುಡ್ಬ್ಯಾಡ ಕಣವ್ವ. ಸೋಮವಾರ ನಿಮ್ಮಪ್ಪಂದು. ಗುರುವಾರ ನಿಂದು," ಎಂದಳು ಗೋವಿಂದಮ್ಮ.

ಡಾಕ್ಟರು ಮತ್ತೆ ಒಂದರಿಂದ ಎಣಿಸಲು ಹೇಳಿದರು. ಗುರುವಾರ ಗೋವಿಂದಮ್ಮ ಯಾರನ್ನೂ ಕೇಳದೆ ಹೊಸ್ತಿಲು ದಾಟಿ ಅಡುಗೆಮನೆಯಲ್ಲೇ ಕೂತಳು. ಕಣ್ಣೆದುರು ತಿನ್ನಿಸಿ, ನುಂಗಿಸಿ, ಬಾಯಿ ತೆರೆಸಿ ನೋಡಿದಳು. ಮಲ್ಲಾಜಮ್ಮ ಮೊದಲ ವಾರ ಮುಖ ಗಂಟಿಕ್ಕಿದಳು. ಮೂರನೇ ವಾರ ಗೋವಿಂದಮ್ಮನಿಗೂ ಒಂದು ತಟ್ಟೆ ಇಟ್ಟಳು.

ಹನ್ನೆರಡನೇ ಗುರುವಾರ. ರುದ್ರೇಶನ ಕಫದಲ್ಲಿ ಏನೂ ಇಲ್ಲವೆಂದು ವರದಿ ಬಂದು ಎರಡು ತಿಂಗಳಾಗಿತ್ತು. ಆದರೂ ಬಾಗಿಲಾಚೆಯೇ ನಿಂತಿದ್ದ. ಗೋವಿಂದಮ್ಮ ಕೊನೆಯ ಮಾತ್ರೆಗಳನ್ನು ಅವನ ಕೈಗಿಟ್ಟು, ನೀವೇ ಕೊಡಿ ಎಂದಳು. ಅವನು ಒಳಗೆ ಬಂದ. ಮಗಳ ಅಂಗೈಗೆ ಮಾತ್ರೆ ಹಾಕಿದ. ಅವಳು ನುಂಗಿ ನೀರು ಕುಡಿದ ಮೇಲೆ, ಅದೇ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬಸ್ಸು ಒಂಟೋಯ್ತದೆ, ಬುಡಪ್ಪ," ಎಂದಳು ಶಿವರಂಜನಿ.

ಅವನು ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.