ಕೆಂಪು ದಾರ ಕಟ್ಟಿದ ಕರಬೂಜ

ಕರಬೂಜದ ಗಂಡು ಹೂವಿನ ಎಸಳುಗಳನ್ನು ಹಿಂದಕ್ಕೆ ಮಡಚಿದರೆ ಒಳಗೆ ಸಿಗುವ ಹಳದಿ ಪುಡಿ ಉಗುರಿನ ತುದಿಗೆ ಅಂಟುವಷ್ಟೇ. ಬಿಸಿಲೇರುವ ಮೊದಲು ಅದನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಬೇಕು. ಹೆಣ್ಣು ಹೂವಿನ ಗುರುತು ಸುಲಭ, ಅದರ ಬುಡದಲ್ಲಿ ಕಡಲೆಗಾತ್ರದ ಹೀಚು ಇರುತ್ತದೆ.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ, ಶಿಕಾರಿಪುರದ ನಮ್ಮ ಹಿತ್ತಲಲ್ಲಿ ದಿನಾ ಬೆಳಿಗ್ಗೆ ನನಗೆ ಇದೇ ಕೆಲಸ. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಮುಗಿಸಿ ಮನೆಗೆ ಬಂದಿದ್ದೆ. ಬೀಜ ಕೊಟ್ಟವರು ಪಕ್ಕದ ಮನೆಯ ಚಾಚಿ. ಅವರ ಯಜಮಾನರು ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಚಾಚಿಯ ತವರು ಹರಿಹರ. ಅಲ್ಲಿ ಹೊಳೆಯ ಮರಳಲ್ಲೇ ಕರಬೂಜ ಬೆಳೆಯುತ್ತಾರಂತೆ.

"ಹಣ್ಣಾದ್ರೆ ಒಂದು ನನಗೆ ಕೊಡು ಮಗಾ. ತವರಿನ ಹಣ್ಣು ತಿಂದು ರೋಜಾದ ಉಪವಾಸ ಬಿಟ್ಟು ಎಷ್ಟೋ ವರ್ಷ ಆಯ್ತು" ಎಂದಿದ್ದರು.

ಖಂಡಿತ ಕೊಡುತ್ತೇನೆ ಎಂದೆ. ನಾನು ಸಾಮಾನ್ಯವಾಗಿ ಮಾತು ಕೊಡುವವಳಲ್ಲ.

ಮೊದಲು ಮೂರು ಹೀಚು ಕಂಡವು. ಸಂಭ್ರಮದಲ್ಲಿ ಅಮ್ಮನಿಗೆ ಒಂದೊಂದನ್ನೂ ಬೆರಳು ಮಾಡಿ ತೋರಿಸಿದೆ. "ಅಯ್ಯೋ, ಬೆರಳು ತೋರಿಸಬ್ಯಾಡ! ಕೊಳ್ತು ಹೋಗ್ತಾವೆ. ತೋರಿಸ್ಲೇಬೇಕಂದ್ರೆ ಬೆರಳು ಮಡಚಿ ತೋರ್ಸು" ಎಂದು ನನ್ನ ಕೈ ಹಿಡಿದರು. ನಾಲ್ಕೇ ದಿನದಲ್ಲಿ ಮೂರೂ ಹಳದಿಯಾಗಿ ಉದುರಿದವು. ಎತ್ತರದ ಗೋಡೆಯ ನಡುವಿನ ಹಿತ್ತಲು, ಜೇನು ಬರುವುದಿಲ್ಲ, ಪರಾಗ ಸಿಗದೆ ಬಿದ್ದವು ಎಂದು ವಿವರಿಸಿದೆ.

"ಇರಬೋದು. ಬಿ.ಎಸ್ಸಿ. ಬೆರಳಲ್ವಾ, ಜೋರಾಗೇ ಕೆಲಸ ಮಾಡೈತೆ" ಎಂದರು ಅಮ್ಮ.

ಆಮೇಲೆ ನಾನು ಆ ಬಳ್ಳಿಯ ವಿಷಯ ಮನೆಯಲ್ಲಿ ಎತ್ತಲಿಲ್ಲ. ಎಲ್ಲರೂ ಏಳುವ ಮೊದಲೇ ಹೋಗಿ ಪುಡಿ ಸವರಿ ಬರುತ್ತಿದ್ದೆ. ಅಷ್ಟು ಹೂಗಳಲ್ಲಿ ನಿಂತದ್ದು ಒಂದೇ ಕಾಯಿ. ಅದರ ತೊಟ್ಟಿಗೆ ಕೆಂಪು ದಾರ ಕಟ್ಟಿದೆ, ನೋಟುಪುಸ್ತಕದಲ್ಲಿ ತಾರೀಖು ಬರೆದೆ, ಮೇಲೆ ಎಲೆ ಮುಚ್ಚಿದೆ. ಪಕ್ಕದಲ್ಲೇ ಅಮ್ಮನ ಸೌತೆಬಳ್ಳಿ ಹಬ್ಬಿತ್ತು. ಎರಡರ ಎಲೆಗಳೂ ಹೆಚ್ಚುಕಡಿಮೆ ಒಂದೇ ಥರ. ಕಾಯಿಯ ಗಾತ್ರವನ್ನು ಗೋಡೆಯಾಚೆ ನಿಂತ ಚಾಚಿಗೆ ಮಾತ್ರ ಅಂಗೈ ಅಗಲಿಸಿ ತೋರಿಸುತ್ತಿದ್ದೆ. ರಂಜಾನ್ ಶುರುವಾಯಿತು. ಇನ್ನು ಹತ್ತು ದಿನ, ಹಣ್ಣಾಗಿ ತೊಟ್ಟು ತಾನಾಗಿ ಬಿರುಕು ಬಿಡುತ್ತದೆ ಎಂದು ಹೇಳಿದ್ದೆ.

ಅದೇ ವಾರ ಸೊರಬದಿಂದ ಅತ್ತೆ ಬಂದರು, ಅಪ್ಪನ ಅಕ್ಕ. ಕೈ ಕಟ್ಟಿ ಕೂರುವ ಜಾಯಮಾನವಲ್ಲ. ಒಂದು ಬೆಳಿಗ್ಗೆ ನಾನು ಅಂಚೆ ಕಚೇರಿಗೆ ಹೋಗಿ ಬರುವಷ್ಟರಲ್ಲಿ ಅಡುಗೆ ಮುಗಿಸಿ ಎಲೆ ಹಾಕಿ ಕಾಯುತ್ತಿದ್ದರು. ಮಜ್ಜಿಗೆಹುಳಿ ಬಡಿಸಿದರು.

"ಎಂಥಾ ಸೌತೇಕಾಯಿನೇ ಮಾರಾಯ್ತಿ ನಿಮ್ಮೂರಿಂದು! ಸಿಪ್ಪೆ ಮೇಲೆ ಬಲೆ ಹೊದ್ಸಿದಂಗೆ ಇತ್ತು. ರುಚಿನೂ ಸಪ್ಪೆ. ಎಲೆ ಅಡಿಗೆ ಅಡಗಿ ಕೂತಿತ್ತು, ನಿಮಗ್ಯಾರಿಗೂ ಕಾಣ್ಲಿಲ್ಲ ನೋಡು."

ತುತ್ತು ನನ್ನ ಕೈಯಲ್ಲೇ ನಿಂತಿತು. "ಅತ್ತೆ, ಅದಕ್ಕೊಂದು ದಾರ ಕಟ್ಟಿತ್ತಲ್ಲ?"

"ಬಿಚ್ಚಿ ಇಟ್ಟಿದೀನಿ. ಹೂ ಕಟ್ಟಕ್ಕೆ ಆಗ್ತದೆ."

ಆಗ ಬೆರಳಿನ ಕಥೆಯಿಂದ ಹಿಡಿದು ಎಲ್ಲ ವಿಷಯ ಹೇಳಲೇಬೇಕಾಯಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಮರುಗುತ್ತಿದ್ದರೋ ತಿಳಿಯಲಿಲ್ಲ. ಅತ್ತೆಯ ಮುಖ ಮಾತ್ರ ಇಳಿದುಹೋಯಿತು. "ಒಂದು ಮಾತು ಹೇಳಬಾರ್ದಿತ್ತೇನೇ? ನಾನೇನು ಬೆರಳು ತೋರಿಸ್ತಿದ್ನಾ?" ಎಂದರು.

ಸಂಜೆ ಚಾಚಿಯ ಮನೆಗೆ ಹೋದೆ. ದಾರಿಯಲ್ಲಿ, ಅಂದರೆ ಹನ್ನೆರಡು ಹೆಜ್ಜೆಗಳಲ್ಲಿ, ಮೂರು ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಮೊದಲನೆಯದಕ್ಕೇ ಅವರು ಗೋಡೆಗೊರಗಿ ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು.

"ಹುಳಿ ಉಳಿದೈತಾ? ತಗೊಂಡ್ ಬಾ ಇತ್ಲಾಗೆ. ತವರಿನ ಬೀಜದ್ದಲ್ವಾ!"

ಮಸೀದಿಯಿಂದ ಬಾಂಗ್ ಕೇಳಿಸಿತು. ಖರ್ಜೂರ ಬಾಯಿಗಿಟ್ಟು, ನೀರು ಕುಡಿದು, ಆಮೇಲೆ ಅನ್ನಕ್ಕೆ ನಾನು ತಂದ ಹುಳಿ ಕಲಸಿಕೊಂಡರು. "ಉಪ್ಪು ಒಂದು ಚೂರು ಕಮ್ಮಿ ಅಂತ ಹೇಳು ನಿಮ್ಮ ಅತ್ತೆಗೆ" ಎಂದರು. ಇನ್ನು ರಂಜಾನ್ ಮುಗಿಯುವುದರೊಳಗೆ ಬೇರೆ ಕಾಯಿ ಹಣ್ಣಾಗುವುದಿಲ್ಲ ಎಂದು ಕೊನೆಯ ವಾಕ್ಯವನ್ನೂ ಒಪ್ಪಿಸಿದೆ.

"ರಂಜಾನ್ ಹೋದ್ರೆ ನನ್ನ ಬಾಯೂ ಹೋಗ್ತೈತಾ? ಬೆಳಿ ಮಗಾ. ಈ ಸಲ ಮಾತ್ರ ಮನೆಯವ್ರಿಗೆ ಹೇಳಿ ಬೆಳಿ."

ಮರುದಿನ ಬೆಳಿಗ್ಗೆ ಎರಡು ಹೆಣ್ಣು ಹೂ ಅರಳಿದ್ದವು. ಅತ್ತೆಯನ್ನು ಎಬ್ಬಿಸಿ ಕರೆದುಕೊಂಡು ಹೋಗಿ, ಎಸಳು ಮಡಚಿದ ಗಂಡು ಹೂವನ್ನು ಅವರ ಕೈಗೆ ಕೊಟ್ಟೆ. ಅವರು ಉಸಿರು ಬಿಗಿಹಿಡಿದು ಸವರಿದರು. ಅವರೇ ಎತ್ತಿಟ್ಟಿದ್ದ ಕೆಂಪು ದಾರವನ್ನು ತುಂಡು ಮಾಡಿ ಎರಡಕ್ಕೂ ಕಟ್ಟಿದೆ. ಆಮೇಲೆ ಅಮ್ಮನನ್ನು ಕೂಗಿ, ಗೋಡೆಯಾಚೆಯಿಂದ ಚಾಚಿಯನ್ನೂ ಕೂಗಿ, ಅವೆರಡನ್ನೂ ಬೆರಳು ಮಡಚಿ ತೋರಿಸಿದೆ.