ಒಡೆಯದೆ ಉಳಿಸಿದ ತೊಟ್ಟಿಲು

ಆ ತೊಟ್ಟಿಲು ನಿಮ್ಮದೇ ಆಗಿತ್ತು, ಸುನಂದಾ ವೈನಿ. ಸೇಡಂನ ಆ ಮನೆಯಲ್ಲಿ, ಅಷ್ಟು ಹೆಂಗಸರ ನಡುವೆ, ನೀವು ಅದರ ಪಟ್ಟಿಯ ಮೇಲೆ ಕೈಯಿಟ್ಟು ಕೇಳಿದಾಗ ನಾನು ಅಲ್ಲ ಎಂದೆ. ನಿಮ್ಮ ಕಣ್ಣುಗಳು ಸರಿಯಾಗಿಯೇ ಇದ್ದವು. ನಿಮ್ಮ ಬೆರಳೂ ಸರಿಯಾಗಿಯೇ ಗುರುತು ಹಿಡಿದಿತ್ತು. ಸುಳ್ಳು ಹೇಳಿದವಳು ನಾನು.

ಇದನ್ನು ಮೊನ್ನೆ ಚಿತ್ತಾಪುರದಲ್ಲಿ ನಿಮ್ಮ ಬಾಗಿಲಲ್ಲಿ ನಿಂತು ಹೇಳಿದೆ. ಆದರೆ ಅವತ್ತು ನನ್ನ ಬಾಯಿಂದ ಹೊರಟದ್ದು ಒಂದೆರಡು ಮಾತು ಮಾತ್ರ. ನನ್ನ ಬಾಯಿಗೆ ನಮ್ಮ ಓಣಿಯೇ ಹೆದರುತ್ತದೆ. ಸಾಮಾನಿನ ಟಂಟಂ ಆಟೋ ಓಡಿಸುವ ನನ್ನ ಗಂಡನಂತೂ ಕೇಳಲೇ ಬೇಡಿ. ಅಂಥ ಬಾಯಿ ಬೇಕಾದ ಹೊತ್ತಿಗೆ ಕೈಕೊಟ್ಟಿತು. ಅದಕ್ಕೇ ಈಗ ಮೊದಲಿನಿಂದ ಹೇಳುತ್ತೇನೆ.

ನಮ್ಮ ಕೆಲಸ ನಿಮಗೆ ಗೊತ್ತು. ಗೊತ್ತಿಲ್ಲದವರೂ ಇದನ್ನು ಕೇಳಿಸಿಕೊಳ್ಳಲಿ. ವರ್ಗವಾದವರು, ರಿಟೈರ್ ಆದವರು, ಮನೆ ಮಾರಿದವರು, ತೀರಿಹೋದವರ ಮಕ್ಕಳು — ಯಾರಿಗಾದರೂ ಮನೆ ಖಾಲಿ ಮಾಡಬೇಕಾದಾಗ ಶಹಾಬಾದಿನಿಂದ ನಾವು ಗಂಡ ಹೆಂಡತಿ ಹೋಗುತ್ತೇವೆ. ಅವರು ಬೇಕಾದ್ದು ಒಯ್ಯುತ್ತಾರೆ, ಬೇಡವಾದದ್ದನ್ನು ನಾವು ನಮ್ಮ ಅಂಗಳಕ್ಕೆ ತರುತ್ತೇವೆ. ಗುಜರಿಯವರು ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ನಾನು ಹಾಗೆ ಮಾಡುವವಳಲ್ಲ. ಹಾಗೇ ಬಳಸಬಹುದಾದದ್ದು ಒಂದು ಕಡೆ, ರಿಪೇರಿಯಾದರೆ ನಡೆಯುವುದು ಒಂದು ಕಡೆ. ಯಾವುದಕ್ಕೂ ಬಾರದ್ದು ಮಾತ್ರ ಗುಜರಿಗೆ. ಹಳೇ ಗಾದಿಯ ಅರಳೆ ಪಿಂಜಾರರ ಕೈಗೆ ಹೋಗಿ ಮತ್ತೆ ಗಾದಿಯಾಗುತ್ತದೆ. ಹರಿದ ಸೀರೆಗಳನ್ನು ಭಂಕೂರಿನ ಹೆಂಗಸರು ಒಯ್ದು ಕೌದಿ ಹೊಲಿಯುತ್ತಾರೆ. ಬಾಗಿಲು ಕಿಟಕಿಗಳು ಕಾಳಗಿಯ ಕಡೆ ಹೊಸ ಮನೆಗೆ ಹೋಗಿ ಕೂರುತ್ತವೆ. ನನ್ನ ಕೈಗೆ ಬಂದ ಗಟ್ಟಿ ಸಾಮಾನು ಬೆಂಕಿಗೆ ಹೋಗುವುದಿಲ್ಲ ಎಂಬುದು ನನ್ನ ಜಂಬ. ಈಗಲೂ ಅದು ಕೆಟ್ಟ ಜಂಬ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಆ ಜಂಬದಲ್ಲಿ ನಾನು ನಿಮಗೆ ಮಾಡಿದ್ದು —

ವಾಡಿಯಲ್ಲಿ ನಿಮ್ಮ ಕ್ವಾರ್ಟರ್ಸ್ ಖಾಲಿ ಮಾಡಿದ ದಿನ ನೆನಪಿದೆಯೇ? ನಿಮ್ಮ ಯಜಮಾನರಿಗೆ ಸೇಡಂಗೆ ವರ್ಗವಾಗಿತ್ತು. ನಿಮಗೆ ಬೇಡವಾದ ಕಪಾಟು, ಕಬ್ಬಿಣದ ಮಂಚ, ತಗಡಿನ ಪೆಟ್ಟಿಗೆ ಎಲ್ಲ ಟಂಟಂ ಏರಿದ ಮೇಲೆ ನೀವು ಒಳಗಿನ ಕೋಣೆಯಿಂದ ಆ ತೊಟ್ಟಿಲನ್ನು ನೀವೇ ಎಳೆದು ತಂದಿರಿ. ನಾನು ಸಹಾಯಕ್ಕೆ ಬಂದರೆ ಬೇಡವೆಂದಿರಿ. ನಿಮ್ಮ ಶಿವು ಅದರಲ್ಲಿ ಮಲಗಿದ್ದವನು, ಜ್ವರ ಬಂದು ತೀರಿಕೊಂಡಾಗ ಅವನಿಗಿನ್ನೂ ಕೂರಲು ಬರುತ್ತಿರಲಿಲ್ಲ. ಅಷ್ಟೂ ನನಗೆ ಗೊತ್ತಿತ್ತು, ವಾಡಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಪಟ್ಟಿಯ ಒಂದು ಮೂಲೆಯಲ್ಲಿ ಕರ್ರಗೆ ಸುಟ್ಟ ಗುರುತಿತ್ತು. ಮಗುವಿಗೆ ದೃಷ್ಟಿ ತೆಗೆಯುವಾಗ ಉರಿಯುವ ಬತ್ತಿ ಕೈಜಾರಿ ಬಿದ್ದದ್ದು ಎಂದು ನೀವೇ ಹೇಳಿದಿರಿ. ಆಮೇಲೆ ನನ್ನ ಮುಖ ನೋಡದೆ ಆ ಮಾತು ಹೇಳಿದಿರಿ.

“ನಾಗಮ್ಮ, ಇದನ್ನ ಯಾರಿಗೂ ಕೊಡಬ್ಯಾಡ. ಒಡದು ಒಲಿಗಿ ಹಾಕು. ಬ್ಯಾರೆ ಕೂಸು ಇದರಾಗ ಮಲಗೂದು ನನಗ ನೋಡಲಿಕ್ಕಾಗಂಗಿಲ್ಲ.”

ನಾನು ಆಯ್ತು ಎಂದೆ. ಬರೀ ಆಯ್ತು ಎನ್ನಲಿಲ್ಲ, ನಿಮ್ಮ ಕೈ ಹಿಡಿದು ಆಣೆ ಮಾಡಿದಂತೆಯೇ ಹೇಳಿದೆ. ಆ ಹೊತ್ತಿಗೆ ಅದು ನಿಜವೂ ಆಗಿತ್ತು.

ಅಂಗಳಕ್ಕೆ ಬಂದ ಮೇಲೆ ಕೊಡಲಿ ತಂದೆ. ತೊಟ್ಟಿಲನ್ನು ಮಗ್ಗುಲಾಗಿಸಿ ಅಡಿ ನೋಡಿದೆ — ಹಳೇ ಸಾಗವಾನಿ, ಒಂದು ಕಡೆಯೂ ಹುಳು ಮುಟ್ಟಿರಲಿಲ್ಲ. ಕಡೆದ ಗೂಟಗಳು ನುಣ್ಣಗೆ, ನಾಲ್ಕು ಮೂಲೆಗೆ ಪುಟ್ಟ ಗಿಳಿಗಳು. ಇಂಥದ್ದನ್ನು ಈಗ ಯಾರು ಮಾಡುತ್ತಾರೆ? ಎತ್ತಿದ ಕೊಡಲಿ ಕೆಳಗಿಟ್ಟೆ. ನಾಳೆ ಒಡೆದರಾಯಿತು ಎಂದುಕೊಂಡೆ. ಒಡೆಯುವುದಿಲ್ಲ ಎಂದು ಆಗಲೇ ನನಗೆ ಗೊತ್ತಾಗಿತ್ತು. ಮರ ನನ್ನದೇ ಎನ್ನುವ ಹಾಗೆ ಅದನ್ನು ಉಳಿಸುವ ಯೋಚನೆ ಮಾಡಿದೆನೇ ಹೊರತು, ಅದರ ಮೇಲೆ ನಿಮ್ಮ ಮಾತು ಇನ್ನೂ ಇದೆ ಎಂಬುದನ್ನು ಬದಿಗೆ ಸರಿಸಿಬಿಟ್ಟೆ.

ಮಳೆಗಾಲ ಕಳೆಯಿತು. ಸೇಡಂನಿಂದ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದಳು. ಅವಳ ಸೊಸೆ ಅಂಬಿಕಾಗೆ ಎರಡು ಸಲ ಹೊಟ್ಟೆಯಲ್ಲೇ ಕಳೆದುಹೋಗಿ ಈಗ ದಿನ ತುಂಬುತ್ತಿತ್ತು. ಹೊಸ ತೊಟ್ಟಿಲು ಆ ಅತ್ತೆಗೆ ಬೇಕಿರಲಿಲ್ಲ. ನಮ್ಮ ಕಡೆ ಹೀಗೆ ಕೇಳುವುದಿದೆ — ಮಕ್ಕಳು ಬಾಳಿದ ಮನೆಯ ತೊಟ್ಟಿಲು ತಂದರೆ ತಮ್ಮ ಮನೆಯ ಕೂಸೂ ಬಾಳುತ್ತದೆ ಎಂದು. ನನ್ನ ಅಂಗಳದಲ್ಲಿದ್ದ ನಿಮ್ಮ ತೊಟ್ಟಿಲಿನ ಗಿಳಿಗಳ ಮೇಲೆ ಕೈಯಾಡಿಸಿ, ಇದು ಯಾರ ಮನೆಯದು, ಇದರಲ್ಲಿ ಬೆಳೆದ ಮಕ್ಕಳು ಹೇಗಿದ್ದಾರೆ ಎಂದು ಕೇಳಿದಳು. ಚಿಂಚೋಳಿ ಕಡೆಯ ದೊಡ್ಡ ಮನೆಯದು, ಮಕ್ಕಳೆಲ್ಲ ಮದುವೆಯಾಗಿ ಸುಖವಾಗಿದ್ದಾರೆ ಎಂದೆ. ನಾಲಿಗೆ ಒಂಚೂರೂ ತಡವರಿಸಲಿಲ್ಲ. ಆ ಹೆಂಗಸಿನ ಮುಖದ ಮೇಲೆ ಬಂದ ನೆಮ್ಮದಿ ನೋಡಿ, ಸುಳ್ಳಿನಿಂದಲೂ ಒಳ್ಳೆಯದಾಗುತ್ತದಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸುಟ್ಟ ಗುರುತಿಗೆ ಪುಟ್ಟಿ ಮೆತ್ತಿದೆ, ಮೇಲೆ ಹಸಿರು ಬಣ್ಣ ಬಳಿದೆ, ಗಿಳಿಗಳಿಗೆ ಕೆಂಪು ಕೊಕ್ಕು ಬರೆದೆ.

ಸೇಡಂ ಎಂದಾಗ ನನಗೆ ನಿಮ್ಮ ನೆನಪು ಬರಲಿಲ್ಲವೇ? ಬಂತು. ಊರು ದೊಡ್ಡದು ಎಂದುಕೊಂಡೆ. ನೀವು ಅದೇ ಓಣಿಯಲ್ಲಿ ಬಾಡಿಗೆ ಹಿಡಿದಿದ್ದೀರಿ ಎಂದು ನನಗೆ ಹೇಗೆ ಗೊತ್ತಾಗಬೇಕು — ಇಲ್ಲ, ಇದು ನೆವ. ಬೇರೆ ಓಣಿಯಾಗಿದ್ದರೂ ತಪ್ಪು ತಪ್ಪೇ.

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲು ಕೊಟ್ಟವಳೆಂದು ನನ್ನನ್ನೂ ನಾಮಕರಣಕ್ಕೆ ಕರೆದರು. ಹೊಸ ಸೀರೆ ಉಟ್ಟುಕೊಂಡು ಹೋದೆ. ಹಾಲ್ ತುಂಬ ಹೆಂಗಸರು. ಪದ್ಧತಿಯಂತೆ ಮೊದಲು ಗುಂಡುಕಲ್ಲಿಗೆ ಕೂಸಿನ ತಲೆಗೆ ಹಾಕುವ ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿದರು, ಅದನ್ನು ತೂಗಿ ಹಾಡಿದರು. ಅದನ್ನು ತೆಗೆದು ಕೂಸನ್ನು ಹಾಕುವ ಹೊತ್ತಿಗೆ ಬಾಗಿಲ ಕಡೆಯಿಂದ ನೀವು ಬಂದಿರಿ. ಕೈಯಲ್ಲಿ ಕೂಸಿಗೆಂದು ತಂದ ಅಂಗಿ ಇತ್ತು. ಶಿವು ಹೋದ ಮೇಲೆ ಅಂಥ ಕಡೆ ಹೋಗಲು ಧೈರ್ಯ ಮಾಡಿದ್ದು ಅದೇ ಮೊದಲಂತೆ, ಆಮೇಲೆ ತಿಳಿಯಿತು.

ನೀವು ಗಿಳಿಗಳನ್ನು ನೋಡಿದಿರಿ. ಹತ್ತಿರ ಬಂದಿರಿ. ಪಟ್ಟಿಯ ಮೂಲೆಗೆ ಬೆರಳಿಟ್ಟು ಬಣ್ಣದ ಮೇಲೆಯೇ ಸವರಿದಿರಿ. ಪುಟ್ಟಿ ಒಣಗಿ ಅಲ್ಲಿ ಸ್ವಲ್ಪ ತಗ್ಗಾಗಿತ್ತು. ಹಾಡು ನಿಂತಿತು.

“ನಾಗಮ್ಮ, ಇದು ನಮ್ಮ ಶಿವೂನ ತೊಟ್ಟಲಲ್ಲೇನು?”

ಅಂಬಿಕಾ ಕೂಸನ್ನು ಎದೆಗೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳ ಅತ್ತೆಯೂ ನೋಡುತ್ತಿದ್ದಳು. ಆ ಕೂಸಿನ ಸಲುವಾಗಿ ಸುಳ್ಳು ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ. ಉಳಿದರ್ಧ ನನ್ನ ಮಾನದ ಸಲುವಾಗಿ. ನಾಗಮ್ಮ ಸುಳ್ಳಿ ಎಂದು ಅಷ್ಟು ಮಂದಿಯ ಮುಂದೆ ಅನ್ನಿಸಿಕೊಳ್ಳುವುದು ನನಗೆ ಬೇಡವಾಗಿತ್ತು.

“ಅಲ್ಲರೀ ವೈನಿ. ನಿಮ್ದು ನಾ ಅವತ್ತೇ ಒಡದು ಒಲಿಗಿ ಹಾಕೀನಿ. ಇಂಥವು ಭಾಳ ಅದಾವ.”

ಇಷ್ಟಕ್ಕೇ ಸುಮ್ಮನಾಗಿದ್ದರೂ ಆಗುತ್ತಿತ್ತು. ನೀವು ಕೈ ತೆಗೆಯಲಿಲ್ಲ. ಆಗ ನಾನು ಸುತ್ತಲಿದ್ದವರ ಕಡೆ ತಿರುಗಿದೆ. ಪಾಪ, ಕೂಸು ಕಳೆದುಕೊಂಡವರು, ಯಾವ ತೊಟ್ಟಿಲು ಕಂಡರೂ ಅವರಿಗೆ ಹಾಗೇ ಕಾಣುತ್ತದೆ — ಹೀಗೆಂದೆ. ದನಿಯಲ್ಲಿ ಮರುಕ ತುಂಬಿಕೊಂಡು ಹೇಳಿದೆ. ಎಲ್ಲರೂ ಚ್ ಚ್ ಎಂದರು. ಎದುರು ಮನೆಯ ಗೌರಾಬಾಯಿ ನಿಮ್ಮ ಕೈಯನ್ನು ತೊಟ್ಟಿಲಿನಿಂದ ಮೆಲ್ಲಗೆ ಬಿಡಿಸಿ ಹೊರಗೆ ಕರೆದೊಯ್ದಳು. ನೀವು ತಿರುಗಿ ತಿರುಗಿ ನೋಡುತ್ತ ಹೋದಿರಿ. ಹಾಡು ಮತ್ತೆ ಶುರುವಾಯಿತು, ನಾನೂ ದನಿಗೂಡಿಸಿದೆ.

ಒಡೆಯದೆ ಇದ್ದದ್ದು ಒಂದು ತಪ್ಪು. ಅಂಬಿಕಾಳ ಅತ್ತೆಗೆ ಸುಳ್ಳು ಹೇಳಿದ್ದು ಇನ್ನೊಂದು. ಆದರೆ ಅವತ್ತು ಆ ಹಾಲ್‌ನಲ್ಲಿ ನಾನಾಡಿದ್ದು ಅವೆರಡಕ್ಕಿಂತ ದೊಡ್ಡದು. ನೆಟ್ಟಗಿದ್ದ ನಿಮ್ಮ ಬುದ್ಧಿಯನ್ನು ನಾನು ಊರ ಮುಂದೆ ಸೊಟ್ಟ ಮಾಡಿ ನಿಲ್ಲಿಸಿದೆ.

ಆಮೇಲಿನದನ್ನು ಸಂತೆಯಲ್ಲಿ ಸಿಕ್ಕಾಗ ಅಂಬಿಕಾಳ ಬಾಯಿಂದ ಚೂರುಚೂರಾಗಿ ಕೇಳಿದೆ. ನೀವು ಯಾರ ಮನೆಯ ತೊಟ್ಟಿಲ ಶಾಸ್ತ್ರಕ್ಕೂ ಹೋಗುತ್ತಿರಲಿಲ್ಲವಂತೆ. ಯಜಮಾನರು ಕಲಬುರಗಿಯ ಡಾಕ್ಟರ ಹತ್ತಿರ ಕರೆದೊಯ್ದಿದ್ದರಂತೆ. ಗುಡಿಯಿಂದ ಹೊರಗೆ ಬಂದಾಗ ನಿಮ್ಮ ಚಪ್ಪಲಿಯನ್ನು ತೋರಿಸಿ, ಇವು ನನ್ನವೇ ಹೌದಲ್ಲ ಎಂದು ಪಕ್ಕದವರನ್ನು ಕೇಳಿ ಮೆಟ್ಟಿಕೊಳ್ಳುತ್ತಿದ್ದಿರಂತೆ. ಚಪ್ಪಲಿಯ ಮಾತು ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ. ಆದರೂ ನಾನು ಬರಲಿಲ್ಲ. ಸೇಡಂ ಏನು ಮಹಾ ದೂರ? ವಾರಕ್ಕೊಮ್ಮೆ ನಮ್ಮ ಟಂಟಂ ಆ ದಾರಿಯಲ್ಲೇ ಓಡುತ್ತಿತ್ತು. ನಿಮ್ಮ ಓಣಿ ಬಂದರೆ ಗಂಡನಿಗೆ ಬಳಸಿ ಹೋಗು ಎನ್ನುತ್ತಿದ್ದೆ.

ವರ್ಷಗಳು ಹೋದವು. ಅಂಬಿಕಾಳ ಮಗಳು ಭೂಮಿಕಾ ಈಗ ಹೈಸ್ಕೂಲಿಗೆ ಹೋಗುತ್ತಾಳೆ, ಗಟ್ಟಿ ಹುಡುಗಿ, ಬಾಯಲ್ಲಿ ನನ್ನನ್ನೂ ಮೀರಿಸುತ್ತಾಳೆ. ಅವಳ ಅಜ್ಜಿ, ಅದೇ ಅಂಬಿಕಾಳ ಅತ್ತೆ, ತೀರಿಕೊಂಡಳು. ಹೋದ ತಿಂಗಳು ಅವರು ಮನೆ ಬಿಟ್ಟು ಕೋಡ್ಲಾಕ್ಕೆ ಹೊರಟರು, ಖಾಲಿ ಮಾಡಲು ನನ್ನನ್ನೇ ಕರೆದರು. ಅಟ್ಟದ ಮೇಲೆ ಆ ತೊಟ್ಟಿಲು ಇತ್ತು. ಮಗಳು ದೊಡ್ಡವಳಾದ ಮೇಲೆ ಅದರಲ್ಲಿ ಉಳ್ಳಾಗಡ್ಡಿ ತುಂಬಿಡುತ್ತಿದ್ದರಂತೆ. ಬಣ್ಣ ಎದ್ದು ಹೋಗಿತ್ತು. ಪುಟ್ಟಿ ಉದುರಿತ್ತು. ಮೂಲೆಯಲ್ಲಿ ಆ ಕರೀ ಗುರುತು ನಿಚ್ಚಳವಾಗಿ ಕಾಣುತ್ತಿತ್ತು.

ಕೆಳಗಿಳಿಸಿದ ಮೇಲೆ ಅಂಬಿಕಾ ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತ, ಇದು ನನ್ನ ಮಗಳು ಬಾಳಿದ ತೊಟ್ಟಿಲು, ಒಳ್ಳೆಯ ಮನೆ ನೋಡಿ ಕೊಡಿ ಎಂದಳು. ಹಿಂದೆ ಚಿಂಚೋಳಿ ಎಂದಷ್ಟು ಸಲೀಸಾಗಿ ಈಗ ಹೂಂ ಎನ್ನಬಹುದಿತ್ತು. ಬಾಯಿ ತೆರೆದೆ, ಆಗಲಿಲ್ಲ. ಅಲ್ಲೇ ಉಳ್ಳಾಗಡ್ಡಿ ಸಿಪ್ಪೆಯ ನಡುವೆ ಕುಳಿತು ಎಲ್ಲ ಹೇಳಿದೆ. ಅವಳು ಒರೆಸುವುದನ್ನು ನಿಲ್ಲಿಸಿದಳು. ಒಳಗೆ ಪುಸ್ತಕ ಕಟ್ಟುತ್ತಿದ್ದ ಮಗಳ ಕಡೆಗೊಮ್ಮೆ ನೋಡಿದಳು. ಬಟ್ಟೆಯನ್ನು ಕೆಳಗಿಟ್ಟು ಮಾತಾಡಿದಳು.

“ಅವತ್ತೇ ಹೇಳಿದ್ರ ನಾ ಈ ತೊಟ್ಟಲ ಬ್ಯಾಡ ಅಂತಿದ್ದೆ, ಅದು ಖರೆ. ಆದ್ರ ಆ ವೈನಿ ಇಷ್ಟು ವರ್ಷ ತನ್ನ ಕಣ್ಣ ತಾನೇ ನಂಬದಂಗ ಆತಲ್ಲ, ಅದಕ್ಕೇನ್ ಮಾಡ್ತೀರಿ? ಮೊದಲ ಅವರ ಕಡೆ ಹೋಗ್ರಿ.”

ಹಾಗೆ, ನೀವು ಸೇಡಂ ಬಿಟ್ಟು ಹೋಗಿ ನೆಲೆಸಿದ ಚಿತ್ತಾಪುರದ ವಿಳಾಸ ಹುಡುಕಿ ಬಂದೆ. ಗಂಡ ತೊಟ್ಟಿಲನ್ನು ನಿಮ್ಮ ಕಟ್ಟೆಯ ಮೇಲಿಳಿಸಿ ದೂರ ಹೋಗಿ ನಿಂತ. ನಿಮ್ಮ ಕೂದಲು ಪೂರ್ತಿ ಬೆಳ್ಳಗಾಗಿದೆ. ಬೈಗುಳಕ್ಕೆ ನಾನು ತಯಾರಾಗಿಯೇ ಬಂದಿದ್ದೆ, ಏಟಿಗೂ ಕೂಡ. ನೀವು ನೆಲಕ್ಕೆ ಕುಳಿತು ಅದೇ ಮೂಲೆಗೆ ಅದೇ ಬೆರಳಿಟ್ಟಿರಿ. ನನ್ನ ಮುಖ ನೋಡಲಿಲ್ಲ.

“ಅವತ್ತ ನಾ ನಿನಗ ಕೇಳಿದ್ದೆ,” ಎಂದಿರಿ.

ಹೌದು, ಕೇಳಿದ್ದಿರಿ. ನಾನು ಅಳತೊಡಗಿದೆ, ನೀವು ಅಳಲಿಲ್ಲ. ಒಳಗೆ ಹೋಗುವ ಮುನ್ನ ಬಾಗಿಲ ಚೌಕಟ್ಟು ಹಿಡಿದು ಇನ್ನೊಂದು ಮಾತು ಹೇಳಿದಿರಿ.

“ಅಲ್ಲ ಅಂತ ಅಷ್ಟು ಮಂದಿ ಮುಂದ ಅಂದಿ. ಹೌದು ಅಂಬೋದು ನನ್ನೊಬ್ಬಾಕಿಗಿ ಹೇಳಿದ್ರ ಹ್ಯಾಂಗ, ನಾಗಮ್ಮ?”

ಎಲ್ಲರಿಗೂ ಹೇಳುತ್ತೇನೆ ಎಂದೆ. ನನ್ನ ಮಾತಿಗೆ ನಿಮ್ಮ ಹತ್ತಿರ ಎಷ್ಟು ಬೆಲೆ ಇದೆ ಎಂದು ನನಗೆ ಗೊತ್ತು. ಹಿಂದೆ ವಾಡಿಯಲ್ಲೂ ಹೀಗೇ ಆಯ್ತು ಎಂದವಳು ನಾನು.

ಈಗ ನಮ್ಮ ಕೆಲಸದಲ್ಲಿ ಒಂದು ಬದಲಾವಣೆ ಆಗಿದೆ. ಯಾರಾದರೂ ಇದನ್ನು ಒಡೆದುಬಿಡಿ ಎಂದರೆ, ಸಾಗವಾನಿ ಇರಲಿ, ಬೀಟೆ ಇರಲಿ, ಅವರೆದುರಿಗೇ ಒಡೆಯುತ್ತೇನೆ. ನಿಮ್ಮ ಕಟ್ಟೆಯ ಮೇಲಿರುವುದನ್ನು ಏನು ಮಾಡುತ್ತೀರಿ ಎಂದು ಕೇಳುವ ಹಕ್ಕು ನನಗಿಲ್ಲ. ಕೊಡಲಿ ಬೇಕಾದರೆ ಹೇಳಿ ಕಳಿಸಿ, ಬರುತ್ತೇನೆ.

ನಿನ್ನೆ ಸೇಡಂಗೆ ಹೋಗಿದ್ದೆ. ಮೊದಲು ಹೋದದ್ದು ಗೌರಾಬಾಯಿಯ ಮನೆಗೆ. ಅವಳಿಗೀಗ ವಯಸ್ಸಾಗಿ ಕಿವಿ ಮಂದವಾಗಿದೆ. ಒಳಗೆ ಕೂತು ಮೆಲ್ಲಗೆ ಹೇಳಿ ಮುಗಿಸಬೇಕು ಎಂದುಕೊಂಡಿದ್ದೆ, ಅವಳಿಗೆ ಕೇಳಿಸಲಿಲ್ಲ. ಜೋರಾಗಿ ಹೇಳಿದೆ, ಆಗಲೂ ಕೇಳಿಸಲಿಲ್ಲ. ಕೊನೆಗೆ ಅವಳೇ ನನ್ನನ್ನು ಕಟ್ಟೆಗೆ ಕರೆತಂದು ಕಿವಿಗೆ ಕೈ ಅಡ್ಡ ಇಟ್ಟುಕೊಂಡಳು. ನಾನು ಕೂಗಿ ಹೇಳಿದೆ. ಆಚೀಚೆ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು, ಅವರಲ್ಲಿ ಅವತ್ತು ಹಾಡಿದವರೂ ಇದ್ದರು. ಗೌರಾಬಾಯಿ ತನ್ನ ಬಲಗೈಯನ್ನೇ ನೋಡಿಕೊಂಡಳು. ನಿಮ್ಮ ಕೈ ಬಿಡಿಸಿದ್ದು ಅದೇ ಕೈ.

“ಹಂಗಾರ ಆ ಹೆಣ್ಮಗಳು ಅಂದಿದ್ದು ಖರೇ ಇತ್ತೇನು?” ಎಂದಳು.

“ಖರೇ ಇತ್ತು,” ಎಂದು ಕೂಗಿದೆ. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಕೂಗಿದೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಪಕ್ಕದ ಮನೆಯ ಮೆಟ್ಟಿಲು ಹತ್ತಿದೆ.